ನ್ಯಾಮತಿಯ ನಾಗರಾಜಪ್ಪನ ಮಾತಿಲ್ಲದ ಗಿಟಾರು

ಕೇಳಿರಿ, ಶಿವನನ್ನು ನಂಬಿದವರೇ, ನಂಬಲಾರದೆ ಹೊಸ್ತಿಲ ಆಚೆಯೇ ನಿಂತವರೇ, ಇಬ್ಬರೂ ಕೊಂಚ ಹತ್ತಿರ ಬಂದು ಕುಳಿತು ಕೇಳಿರಿ. ಇದು ಮಹಾತ್ಮರ ಚರಿತ್ರೆಯಲ್ಲ, ಪವಾಡ ಮೆರೆದವರ ಕಥೆಯೂ ಅಲ್ಲ. ನ್ಯಾಮತಿಯ ಪೇಟೆಯಲ್ಲಿ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಹೊಟ್ಟೆ ಹೊರೆಯುವ ನಾಗರಾಜಪ್ಪ ಎಂಬ ಗೃಹಸ್ಥನ ಸಂಗತಿ. ಪ್ರವಚನಕ್ಕೆ ಬಂದರೆ ಹಿಂದಿನ ಸಾಲಿನಲ್ಲಿ ಕೂರುವವನು, ಹಣೆಯ ವಿಭೂತಿಯನ್ನು ಎಂದೂ ತಪ್ಪಿಸದವನು, ಕೇಳಿದ ಮಾತಿಗೆ ಅರ್ಧ ಉತ್ತರ ಕೊಟ್ಟು ಉಳಿದರ್ಧವನ್ನು ನುಂಗುವವನು. ಇಂಥವರ ಬಾಳಿನಲ್ಲಿಯೂ ಭಗವಂತನು ಒಂದು ಪಾಠವನ್ನು ಬರೆದಿಡುತ್ತಾನೆ. ಓದುವ ವ್ಯವಧಾನ ನಮಗಿರಬೇಕು, ಅಷ್ಟೇ.

ನಾಗರಾಜಪ್ಪನು ಮೋಟಾರಿನ ಕೆಲಸ ಕಲಿತದ್ದು ಚನ್ನಗಿರಿಯಲ್ಲಿ. ಆ ದಿನಗಳಲ್ಲಿ ಅಲ್ಲಿ ರಘುನಾಥ ಎಂಬ ಕಲಾವಿದರು ಆರ್ಕೆಸ್ಟ್ರಾ ನಡೆಸುತ್ತಿದ್ದರು. ಗಣಪತಿ ಕೂರಿಸಿದ ಊರುಗಳಿಗೆ ಹೋಗಿ ಸಿನಿಮಾ ಹಾಡುಗಳ ರಸಮಂಜರಿ ನಡೆಸಿಕೊಡುವುದು ಅವರ ವೃತ್ತಿ. ಸಂಜೆ ಅಂಗಡಿಯ ಶಟರ್ ಎಳೆದ ಕೂಡಲೇ ನಾಗರಾಜಪ್ಪ ಅವರ ಅಭ್ಯಾಸದ ಕೋಣೆಯ ಬಾಗಿಲಿಗೆ ಹೋಗಿ ನಿಲ್ಲುವನು. ನಿಂತು ನಿಂತು ಒಳಗೆ ಸೇರಿದನು, ಒಳಗೆ ಸೇರಿದವನು ಗಿಟಾರು ಹಿಡಿದನು. ರಘುನಾಥರ ಬಳಿ ಹೊರದೇಶದ ರಾಕ್ ಸಂಗೀತದ ಕ್ಯಾಸೆಟ್ಟುಗಳಿದ್ದವು. ಅವುಗಳಲ್ಲಿ ಕೆಲವಕ್ಕೆ ಹಾಡುಗಾರರೇ ಇಲ್ಲ. ಪಲ್ಲವಿಯಿಲ್ಲ, ಚರಣವಿಲ್ಲ, ಒಂದು ಪದವೂ ಇಲ್ಲ. ಡ್ರಮ್ಮಿನ ಪೆಟ್ಟಿನ ಮೇಲೆ ಗಿಟಾರೊಂದೇ ಎದ್ದು ನಿಂತು ಹಾಡುವುದು, ಚೀರುವುದು, ಸುಸ್ತಾಗಿ ಇಳಿದು ಬರುವುದು. ಯುವಕ ನಾಗರಾಜಪ್ಪನಿಗೆ ಅದೇ ಪ್ರಾಣವಾಯಿತು. ಗಾಯಕಿ ಸೀರೆ ಬದಲಿಸಿ ಬರುವಷ್ಟು ಹೊತ್ತು ವೇದಿಕೆ ಖಾಲಿ ಇರಬಾರದೆಂದು ರಘುನಾಥರು ಅವನನ್ನು ಮುಂದಕ್ಕೆ ಬಿಡುತ್ತಿದ್ದರು. ಹೊನ್ನಾಳಿಯ ಒಂದು ಕಾರ್ಯಕ್ರಮದಲ್ಲಿ ಗಾಯಕಿ ಬೇಗ ಬಂದು ನಿಂತರೂ ಇವನು ಕಣ್ಣು ಮುಚ್ಚಿ ಬಾರಿಸುತ್ತಲೇ ಇದ್ದನಂತೆ. ಆಕೆ ಮೈಕಿನಲ್ಲಿಯೇ, ಅಣ್ಣ, ನಾನು ಇನ್ನೊಂದು ಸೀರೆ ಉಟ್ಟು ಬರಲೇ ಎಂದು ಕೇಳಿದಳಂತೆ. ಆ ಮಾತು ಆ ಕಡೆ ಬಹುಕಾಲ ನಗೆಯಾಗಿ ಉಳಿಯಿತು.

ಬಳಿಕ ಆತ ನ್ಯಾಮತಿಗೆ ಬಂದು ಸ್ವಂತ ಅಂಗಡಿ ಇಟ್ಟನು. ಜಗಳೂರು ಕಡೆಯ ಕಲ್ಪನಾ ಎಂಬ ಕನ್ಯೆಯ ಕೈ ಹಿಡಿದನು. ಶಿವನು ಮಕ್ಕಳನ್ನು ಕೊಡಲಿಲ್ಲ. ಅದನ್ನು ಇಬ್ಬರೂ ದೂರಲಿಲ್ಲ. ಕಲ್ಪನಾಳ ತಂದೆ ಲಿಂಗೈಕ್ಯರಾದ ಮೇಲೆ ತಾಯಿ ಸಿದ್ದಲಿಂಗಮ್ಮ ಮಗಳ ಮನೆಯಲ್ಲಿಯೇ ಬಂದು ಇದ್ದರು. ಕಲ್ಪನಾಳ ತಮ್ಮ ಮಹಾಂತೇಶನು ಜಗಳೂರಿನಲ್ಲಿ ಪಾತ್ರೆಯ ಅಂಗಡಿ ನಡೆಸಿಕೊಂಡಿದ್ದನು. ಮೂವರ ಸಂಸಾರ ಸದ್ದಿಲ್ಲದೆ ಸಾಗಿತ್ತು, ಗಿಟಾರಿನ ಸದ್ದೊಂದನ್ನು ಬಿಟ್ಟು.

ಕೆರೆಬಿಳಚಿಯ ಒಂದು ತೋಟದಲ್ಲಿ ಕೊಳವೆಬಾವಿಯಿಂದ ಮೋಟಾರು ಎತ್ತುವಾಗ ಒಂದು ಅವಘಡವಾಯಿತು. ಮೇಲಿನ ಚೈನು ಜಾರಿ, ಎತ್ತಿದ ಕಬ್ಬಿಣದ ಪೈಪು ಒಂದು ಗೇಣು ಕುಸಿದು ಆತನ ಎಡಗೈಯ ಮೇಲೆ ಕೂತಿತು. ಬೆರಳು ಉಳಿದವು. ಆದರೆ ತೋರುಬೆರಳು ಮತ್ತು ನಡುಬೆರಳುಗಳಲ್ಲಿ ಜೀವದ ಅರಿವು ಉಳಿಯಲಿಲ್ಲ. ಬಿಸಿ ತಗುಲಿದರೆ ಬೊಬ್ಬೆ ಎದ್ದ ಮೇಲೆಯೇ ಕಣ್ಣಿಗೆ ಗೊತ್ತಾಗುವುದು. ಮರಗಟ್ಟಿದ ಆ ಬೆರಳುಗಳಿಂದ ಗಿಟಾರಿನ ತಂತಿ ಒತ್ತಲು ಹೋದರೆ, ಒತ್ತಿದನೋ ಇಲ್ಲವೋ ಆತನಿಗೇ ತಿಳಿಯದು. ಗಿಟಾರನ್ನು ಗೋಡೆಗೆ ತೂಗುಹಾಕಿ ಬಹಳ ದಿನ ಅದರ ಕಡೆ ನೋಡದೆ ಇದ್ದನು.

ದಾರಿ ತೋರಿದವರು ರಘುನಾಥರೇ. ಹವಾಯಿ ಗಿಟಾರು ಎಂದೂ ಲ್ಯಾಪ್ ಸ್ಟೀಲ್ ಎಂದೂ ಕರೆಯುವ ವಾದ್ಯವೊಂದಿದೆ. ಅದನ್ನು ಎದೆಗೆ ಒರಗಿಸಿಕೊಳ್ಳುವುದಿಲ್ಲ, ತೊಡೆಯ ಮೇಲೆ ಅಂಗಾತ ಮಲಗಿಸಿ ನುಡಿಸುತ್ತಾರೆ. ತಂತಿಯನ್ನು ಬೆರಳಿನಿಂದ ಒತ್ತುವುದಿಲ್ಲ, ಅದರ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸುತ್ತಾರೆ ಎಂದು ತಿಳಿಸಿದರು. ಅಷ್ಟು ಕೇಳಿದ್ದೇ ನಾಗರಾಜಪ್ಪ ಅಂಗಡಿಗೆ ಹೋಗಿ ಹಳೆಯ ಬಾಗಿಲಿನ ಚೌಕಟ್ಟಿನಿಂದ ಒಂದು ತುಂಡು ಕೊಯ್ದನು. ಅದರ ಮೇಲೆ ಆರು ತಂತಿಗಳನ್ನು ಎತ್ತರಕ್ಕೆ ಬಿಗಿದನು. ತಂತಿಯ ಕೆಳಗೆ, ಅದರ ದನಿಯನ್ನು ಆಂಪ್ಲಿಫೈಯರಿಗೆ ಮುಟ್ಟಿಸಲೆಂದು, ಹಳೆಯ ಸ್ಪೀಕರಿನ ಅಯಸ್ಕಾಂತದ ಸುತ್ತ ಕೂದಲಿನಂಥ ತಾಮ್ರದ ತಂತಿಯನ್ನು ತಾನೇ ಸುತ್ತಿ ಕೂರಿಸಿದನು. ಅದು ಆತನ ದಿನನಿತ್ಯದ ಕಾಯಕವೇ ಅಲ್ಲವೇ. ಸವೆದ ಪಂಪಿನ ಶಾಫ್ಟಿನಿಂದ ಬೆರಳುದ್ದ ಉಕ್ಕನ್ನು ಕತ್ತರಿಸಿ ಮುಖ ಕಾಣುವಂತೆ ಉಜ್ಜಿದನು. ಈಗ ನೋಡಿರಿ ಶಿವನ ಲೀಲೆಯನ್ನು. ಆ ಉಕ್ಕನ್ನು ಹಿಡಿಯಬೇಕಾದದ್ದು ಹೆಬ್ಬೆರಳು, ತೋರುಬೆರಳು, ನಡುಬೆರಳು. ಹಿಂದೆ ಉಳಿದ ಎರಡು ಬೆರಳುಗಳು ತಂತಿಯ ಮೇಲೆ ಮೆಲ್ಲಗೆ ಒರಗಿ, ಬೇಡದ ಗುಂಯ್‌ಗಾಟವನ್ನು ಅಡಗಿಸಬೇಕು. ಅರಿವಿಲ್ಲದ ಬೆರಳುಗಳಿಗೆ ಹಿಡಿಯುವ ಕೆಲಸ, ಅರಿವಿದ್ದ ಬೆರಳುಗಳಿಗೆ ಮುಟ್ಟುವ ಕೆಲಸ. ಸತ್ತ ಬೆರಳೆಂದು ಆತ ಕೈಬಿಟ್ಟಿದ್ದವುಗಳಿಗೂ ಒಂದು ಸೇವೆ ಕಾದಿತ್ತು.

ಅಂದಿನಿಂದ ಅದೇ ರಾಕ್ ತುಣುಕುಗಳನ್ನು ತೊಡೆಯ ಮೇಲೆ ನುಡಿಸಲು ಹಟ ಹಿಡಿದನು. ಕಷ್ಟದ ಕೆಲಸ. ಸ್ವರದ ಜಾಗ ತೋರಲು ಮರದ ಮೇಲೆ ಎಳೆದ ಗೆರೆಯ ನೇರಕ್ಕೇ ಉಕ್ಕು ನಿಲ್ಲಬೇಕು. ಕೂದಲೆಳೆ ಆಚೀಚೆಯಾದರೆ ಸ್ವರ ಕೆಡುತ್ತದೆ. ಬಲವಾಗಿ ಒತ್ತಿದರೆ ತಂತಿ ಮರಕ್ಕೆ ತಗುಲಿ ಕಟಕಟ ಎನ್ನುತ್ತದೆ. ಎಷ್ಟು ಬಿಗಿ ಹಿಡಿದಿದ್ದೇನೆ ಎಂಬುದು ಬೆರಳಿಗೆ ತಿಳಿಯದ ಕಾರಣ ಆತ ಕಣ್ಣಿನಿಂದ ನೋಡಿ, ಕಿವಿಯಿಂದ ಕೇಳಿ ಅಳೆಯಬೇಕಾಗಿತ್ತು. ಇನ್ನೊಂದು ಗುಟ್ಟೂ ಆ ವಾದ್ಯಕ್ಕಿದೆ. ಸ್ವರ ನಿಂತಲ್ಲಿ ಉಕ್ಕನ್ನು ಹಿಡಿದ ಕೈಯನ್ನು ನವಿರಾಗಿ ನಡುಗಿಸಿದರೆ ತಂತಿ ಮನುಷ್ಯರಂತೆ ಅಳುತ್ತದೆ. ಕೇಳಿದವರ ಗಂಟಲು ಉಬ್ಬಿಬರುತ್ತದೆ.

ಕಲ್ಪನಾಳ ಗಂಟಲು ಮಾತ್ರ ಎಂದೂ ಉಬ್ಬಲಿಲ್ಲ. ಆಕೆ ಒಳಮನೆಯಿಂದ ಕೂಗುವಳು: “ರೀ, ಯಾರದೋ ಮೋಟಾರು ಸುಡ್ತಾ ಐತೆ, ಸ್ವಲ್ಪ ಎದ್ದು ನೋಡ್ರಿ.” ಆತ ನಕ್ಕು ಸದ್ದು ತಗ್ಗಿಸುವನು. ಗಂಡ ಬಾರಿಸುವುದು ಆಕೆಗೆ ಹಿಡಿಸಲಿಲ್ಲ, ಬಾರಿಸುವ ಗಂಡ ಹಿಡಿಸಿದ್ದನು. ದಾಂಪತ್ಯದಲ್ಲಿ ಇದಕ್ಕಿಂತ ಹೆಚ್ಚಿನದನ್ನು ಬೇಡುವವರು ದುರಾಸೆಯವರು.

ಒಂದು ಮುಂಜಾನೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಕಲ್ಪನಾ ಹಾಗೆಯೇ ಕುಸಿದಳು. ತಲೆಯೊಳಗಿನ ನರ ಒಡೆದಿತ್ತು. ಆಸ್ಪತ್ರೆ ಮುಟ್ಟುವ ಮುಂಚೆಯೇ ಲಿಂಗದೊಳಗೆ ಬೆರೆತಳು.

ನಮ್ಮ ಪದ್ಧತಿ ನಿಮಗೆ ತಿಳಿದದ್ದೇ. ಹೋದವರನ್ನು ಮಲಗಿಸುವುದಿಲ್ಲ, ವಿಭೂತಿ ಧರಿಸಿ, ಹೂವಿನಿಂದ ಸಿಂಗರಿಸಿ, ಬದುಕಿದ್ದಾಗ ಪೂಜೆಗೆ ಕೂತಂತೆ ಕೂರಿಸುತ್ತೇವೆ. ಮುಂದೆ ಭಜನೆ. ಹೆಂಗಸರು ಎದುರಿಗೆ ಕುಳಿತು, ಹೋದವರ ಗುಣಗಳನ್ನು ಹೆಸರಿಸಿ, ರಾಗವಾಗಿ ಆಡಿಕೊಂಡು ಅಳುತ್ತಾರೆ. ಸಿದ್ದಲಿಂಗಮ್ಮನವರ ಅಳುವನ್ನು ಅಂದು ಕೇಳಿದವರು ಈಗಲೂ ನೆನೆಯುತ್ತಾರೆ. ಮಗಳ ತೊಟ್ಟಿಲಿನಿಂದ ಹಿಡಿದು ಒಣಗದೆ ಉಳಿದ ಆ ಬಟ್ಟೆಯವರೆಗೆ ಒಂದನ್ನೂ ಬಿಡದೆ ಆಡಿಕೊಂಡರು. ಬೀದಿಯೇ ಅತ್ತಿತು. ಗಂಡಸರು ಹಾಗೆ ಆಡಿಕೊಳ್ಳುವುದಿಲ್ಲ ನಿಜ. ಆದರೆ ಗಂಡನಾದವನು ಒಮ್ಮೆಯಾದರೂ ಕುಸಿದು ಕೂರಬೇಕು, ಟವೆಲ್ಲಿನಲ್ಲಿ ಮುಖ ಮುಚ್ಚಬೇಕು ಎಂಬುದು ಜನರ ಎಣಿಕೆ.

ನಾಗರಾಜಪ್ಪ ನಿಂತೇ ಇದ್ದನು. ಆತನ ಒಳಗೆ ಏನೂ ಆಗಲಿಲ್ಲ. ಎದುರಿಗೆ ಕುಳಿತವಳು ತನ್ನ ಕಲ್ಪನಾ ಎಂದು ಗೊತ್ತಿತ್ತು. ಆ ತಿಳಿವು ತಲೆಯಲ್ಲಿಯೇ ನಿಂತಿತ್ತು, ಕೆಳಕ್ಕೆ ಇಳಿಯಲಿಲ್ಲ. ಅಷ್ಟರಲ್ಲಿ ಪೆಂಡಾಲಿನ ದೀಪವೊಂದು ಮಿನುಗತೊಡಗಿತು. ಹೋಲ್ಡರಿನ ತಂತಿ ಸಡಿಲವಾಗಿತ್ತು. ಬೇರಾವುದೂ ತೋಚದೆ ಇದ್ದ ಆತನಿಗೆ ಅದು ತೋಚಿತು. ಸ್ಟೂಲು ಹಾಕಿಕೊಂಡು ಹತ್ತಿ, ತಂತಿ ಬಿಗಿದು, ದೀಪ ನಿಂತದ್ದನ್ನು ನೋಡಿ ಇಳಿದನು. ಇಳಿದಾಗ ಅಳುವೆಲ್ಲ ಒಂದು ಕ್ಷಣ ನಿಂತಿತ್ತು. ಅತ್ತೆ ಅವನನ್ನೇ ನೋಡುತ್ತಿದ್ದರು. ಹಿಂದಿನಿಂದ ಯಾರೋ, ಹೆಂಡತಿ ಕೂತಿದ್ದಾಳೆ, ಇವನು ಬಲ್ಬು ಹಾಕುತ್ತಿದ್ದಾನೆ ಎಂದು ಗೊಣಗಿದ್ದು ಎಲ್ಲರಿಗೂ ಕೇಳಿಸಿತು.

ಆ ಒಂದು ನೋಟ ವರ್ಷವಿಡೀ ಆ ಮನೆಯಲ್ಲಿ ಉಳಿಯಿತು. ಮಗಳು ಹೋಗಿ ವರ್ಷ ತುಂಬುವವರೆಗೆ ಅವಳ ಭಾವಚಿತ್ರಕ್ಕೆ ದೀಪ ಹಚ್ಚಿಯೇ ಜಗಳೂರಿಗೆ ಹೊರಡುವುದೆಂದು ಸಿದ್ದಲಿಂಗಮ್ಮ ನಿಶ್ಚಯಿಸಿದ್ದರು. ಅಡಿಗೆ ಮಾಡಿ ಮುಚ್ಚಿಡುವರು, ಆತ ಬಂದು ಉಣ್ಣುವನು. ಮಾತು ಸಾರು, ನೀರು, ಸಿಲಿಂಡರುಗಳಿಗೆ ಮುಗಿಯುತ್ತಿತ್ತು. ಸಂಜೆ ಆತ ಮೊದಲಿನಂತೆ ತೊಡೆಯ ಮೇಲೆ ಗಿಟಾರು ಇಟ್ಟುಕೊಂಡು ಅದೇ ರಾಕ್ ತುಣುಕನ್ನು ಬಾರಿಸುವನು. ಸ್ವರ ಸರಿಯಾಗಿ ಬರುತ್ತಿತ್ತು. ಸರಿಯಾಗಿ ಬಂದದ್ದರಿಂದ ಸಂತೋಷವೂ ಆಗುತ್ತಿರಲಿಲ್ಲ, ತಪ್ಪಿದರೆ ಬೇಸರವೂ ಇಲ್ಲ. ಕೈಗೆ ಕೆಲಸವಿತ್ತು ಎಂದು ಮಾಡುತ್ತಿದ್ದನು. ಒಳಗೆ ಕುಳಿತ ತಾಯಿಗೆ ಇದು ತಿಳಿಯುವುದು ಹೇಗೆ. ಮಡದಿ ಹೋದ ಮನೆಯಲ್ಲಿ ಈತ ಮೋಜು ಮಾಡುತ್ತಿದ್ದಾನೆ ಎಂದೇ ಆ ಜೀವ ನೊಂದಿತು.

ವರ್ಷದ ಸ್ಮರಣೆ ಹತ್ತಿರವಾದಾಗ ಆ ನೋವು ಬಾಯಿಗೆ ಬಂತು, ಆತನ ಮುಂದಲ್ಲ, ಜಂಪಣ್ಣನ ಮುಂದೆ. ಜಂಪಣ್ಣ ಸವಳಂಗದವರು, ಗೊಬ್ಬರದ ಅಂಗಡಿಯವರು, ಭಜನಾ ಮಂಡಳಿಯ ಹಿರಿಯರು. ಭಜನೆಯ ಏರ್ಪಾಟು ಮಾತಾಡಲು ಬಂದಿದ್ದವರ ಎದುರು ಸಿದ್ದಲಿಂಗಮ್ಮ ಹೇಳಿಬಿಟ್ಟರು: “ಕಲ್ಲಾದ್ರೂ ಬಿಸಿಲಿಗೆ ಕಾಯ್ತೈತೆ ಜಂಪಣ್ಣ. ನನ್ನ ಮಗಳು ಅಷ್ಟು ವರ್ಷ ಯಾವುದರ ಜೊತೆ ಬಾಳಿದಳೋ, ಆ ಲೆಕ್ಕನೇ ನನಗೆ ಹತ್ತಾಂಗಿಲ್ಲ.”

ಜಂಪಣ್ಣ ಒಳ್ಳೆಯವರು, ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲದವರು. ನೇರವಾಗಿ ಅಂಗಡಿಗೆ ಬಂದು ಎಲ್ಲವನ್ನೂ ಒಪ್ಪಿಸಿದರು. ನಾಗರಾಜಪ್ಪ ಕೈಯಲ್ಲಿದ್ದ ತಾಮ್ರದ ತಂತಿಯ ಕಾಯಿಲನ್ನು ಕೆಳಗಿಟ್ಟನು. ಆ ದಿನದಿಂದ ಆತನಿಗೆ ಒಂದೇ ಒಂದು ಚಿಂತೆ ಹತ್ತಿತು. ಅತ್ತೆ ಜಗಳೂರಿಗೆ ಹೋಗುವುದನ್ನು ತಡೆಯಬೇಕೆಂದಲ್ಲ. ಮಗನ ಮನೆ, ಹೋಗಲಿ. ಆದರೆ ಮಗಳು ಒಂದು ಕಲ್ಲಿನ ಸಂಗಡ ಬಾಳಿ ಹೋದಳು ಎಂಬ ಮಾತನ್ನು ಹೊತ್ತುಕೊಂಡು ಆ ತಾಯಿ ಬಸ್ಸು ಹತ್ತಬಾರದು. ಅದನ್ನು ಇಳಿಸುವುದು ಹೇಗೆಂದು ಆತನಿಗೆ ತಿಳಿಯಲಿಲ್ಲ.

ಉಪಾಯ ಹೇಳಿದವರೂ ಜಂಪಣ್ಣನೇ. ಸ್ಮರಣೆಯ ದಿನ ಮಂಡಳಿಯವರ ಪಕ್ಕದಲ್ಲಿ ಕುಳಿತು ಒಂದು ಭಕ್ತಿಗೀತೆ ಬಾರಿಸಬೇಕು, ಅಷ್ಟೇ ಎಂದರು.

“ನಿನ್ನ ಕಣ್ಣಾಗೆ ನೀರು ಬರದಿದ್ರೆ ಬಿಡೋ ಮಾರಾಯ. ಆ ಗಿಟಾರು ಅಳಲಿ. ಅದು ಹುಟ್ಟಿರಾದೇ ಅಳಾಕೆ. ನಿಮ್ಮತ್ತೆ ಕರಗಿ ನೀರಾಗ್ತಾರೆ ನೋಡು.”

“ಅಳಿಸಾಕೆ ಬರ್ತೈತೆ ಜಂಪಣ್ಣ,” ಎಂದನು ನಾಗರಾಜಪ್ಪ. “ಕೈ ಸ್ವಲ್ಪ ನಡುಗಿಸಿದ್ರೆ ಸಾಕು, ಅಳ್ತೈತೆ. ಆದ್ರೆ ಅಳೋದು ಕೈ. ನಾನಲ್ಲ.”

ಜಂಪಣ್ಣನಿಗೆ ಇದು ಅರ್ಥವಾಗಲಿಲ್ಲ. ಭಕ್ತಿಯಲ್ಲಿ ಇಷ್ಟೊಂದು ಲಾಯರ್ ಬುದ್ಧಿ ಒಳ್ಳೆಯದಲ್ಲ ಎಂದು ನಗೆಯಾಡಿ, ಏನಾದರೊಂದು ಬಾರಿಸು, ಆದರೆ ಬಾರಿಸು ಎಂದು ಹೇಳಿ ಬೈಕು ಹತ್ತಿದರು. ನಾಗರಾಜಪ್ಪ ಆ ಮಾತನ್ನು ಹಿಡಿದುಕೊಂಡನು. ಭಕ್ತಿಗೀತೆ ಬಾರಿಸುವುದಿಲ್ಲ, ತಾನು ದಿನವೂ ಬಾರಿಸುವುದನ್ನೇ ಬಾರಿಸುತ್ತೇನೆ, ನಡುಗಿಸದೆ, ಸ್ವರವನ್ನು ಬರಿದಾಗಿ ಬಾರಿಸುತ್ತೇನೆ. ಅದರಲ್ಲಿ ಪದವಿಲ್ಲ. ಪದವಿಲ್ಲದ್ದರಲ್ಲಿ ಸುಳ್ಳು ಸೇರಲು ಜಾಗವಿಲ್ಲ. ತನ್ನೊಳಗೆ ಇದ್ದದ್ದು ಎಷ್ಟೋ ಅಷ್ಟು ಅತ್ತೆಗೆ ಕೇಳಿಸಲಿ. ಇಷ್ಟು ಯೋಚಿಸಿದ ಮೇಲೂ ಧೈರ್ಯ ಬರಲಿಲ್ಲ, ಭಯವೂ ಬರಲಿಲ್ಲ.

ಸ್ಮರಣೆಯ ಬೆಳಿಗ್ಗೆ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಜಂಗಮರು ಬಂದು ಪೂಜೆ ಮುಗಿಸಿದರು. ಗೋವಿನಕೋವಿ, ಸವಳಂಗಗಳಿಂದ ನೆಂಟರೂ ಮಂಡಳಿಯವರೂ ಬಂದು ಕೂತಿದ್ದರು. ಹಿಂದೆ ದಾಸೋಹದ ಒಲೆಯ ಮೇಲೆ ಗೋಧಿ ಪಾಯಸ ಕುದಿಯುತ್ತಿತ್ತು. ಅಕ್ಕನ ಸ್ಮರಣೆ ಮುಗಿಸಿ ತಾಯಿಯನ್ನು ಕರೆದುಕೊಂಡು ಹೋಗಲು ಮಹಾಂತೇಶ ಹಿಂದಿನ ದಿನವೇ ಬಂದಿದ್ದನು. ತಾಯಿಯ ಬ್ಯಾಗು ಆಗಲೇ ಕಟ್ಟಿ ನಡುಮನೆಯಲ್ಲಿತ್ತು. ಭಜನೆ ಒಂದೆರಡು ಪದ ನಡೆದ ಮೇಲೆ ಜಂಪಣ್ಣ ಮೈಕಿನಲ್ಲಿ, ಈಗ ಯಜಮಾನರು ಒಂದು ಸೇವೆ ಸಲ್ಲಿಸುತ್ತಾರೆ ಎಂದು ಸಾರಿದರು. ನಾಗರಾಜಪ್ಪ ಚಕ್ಕಳಬಕ್ಕಳ ಹಾಕಿ ಕುಳಿತು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡನು. ಪುಟ್ಟ ಆಂಪ್ಲಿಫೈಯರಿನ ಗುಂಡಿ ತಿರುಗಿಸಿದನು. ಉಕ್ಕು ತಂತಿ ಮುಟ್ಟಿದ್ದೇ ತಡ, ಮುಂದೆ ಕೂತಿದ್ದ ಮುದುಕರೊಬ್ಬರು ಬೆಚ್ಚಿ ಮಗ್ಗುಲಿನವರನ್ನು ಹಿಡಿದುಕೊಂಡರು.

ಆ ತುಣುಕು ಮೊದಲು ಒರಟಾಗಿ ಏಳುತ್ತದೆ, ಆಮೇಲೆ ನಿಧಾನವಾಗಿ ಇಳಿದು, ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತದೆ. ಇಳಿದ ಆ ಸಾಲನ್ನು ಆತ ನುಡಿಸಿದಾಗ ಶಾಮಿಯಾನದ ಕೆಳಗೆ ಸದ್ದಡಗಿತು. ಎರಡನೆಯ ಸಲ ನುಡಿಸಿದನು. ಭಜನೆಯವರ ಅಭ್ಯಾಸ ನಿಮಗೆ ಗೊತ್ತಿರಬೇಕು: ಯಾವ ಮಟ್ಟು ಕೇಳಿದರೂ ಎರಡನೆಯ ಸಲಕ್ಕೆ ಅದು ಅವರದಾಗುತ್ತದೆ. ಜಂಪಣ್ಣನ ತಾಳ ತಾನಾಗಿ ಕೂಡಿಕೊಂಡಿತು. ತಬಲದವನು ಹೆಜ್ಜೆ ಹಿಡಿದನು. ಯಾವುದೋ ಹಳೆಯ ಮಠದ ಮಟ್ಟಿರಬೇಕೆಂದು ಬಗೆದ ಮಂಡಳಿಯವರು ಮೂರನೆಯ ಸಲಕ್ಕೆ ಆ ಸಾಲಿನ ಮೇಲೆ ಓಂ ನಮಃ ಶಿವಾಯ ಎಂದು ಎತ್ತಿಕೊಂಡರು. ಅದು ಹೇಗೋ ಅಳತೆಗೆ ಹೊಲಿದಂತೆ ಕೂತುಬಿಟ್ಟಿತು. ಕುಳಿತವರೆಲ್ಲ ದನಿಗೂಡಿಸಿದರು. ಚಪ್ಪಾಳೆ ಬಿತ್ತು. ಹೆಂಗಸರ ಕಡೆ ಒಬ್ಬೊಬ್ಬರೇ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು.

ನಾಗರಾಜಪ್ಪ ತಲೆಯೆತ್ತಿ ನೋಡಿದನು. ಸಿದ್ದಲಿಂಗಮ್ಮನವರ ಸೆರಗೂ ಕಣ್ಣಿನ ಮೇಲಿತ್ತು. ಜಂಪಣ್ಣ ಇವನ ಕಡೆ ತಿರುಗಿ ತಲೆಯಾಡಿಸಿದರು: ನೋಡಿದೆಯಾ, ನಾನು ಹೇಳಲಿಲ್ಲವೇ ಎಂಬಂತೆ. ಹೌದು, ಕೆಲಸವಾಗಿತ್ತು. ಆತ ಇನ್ನೇನೂ ಮಾಡಬೇಕಾಗಿರಲಿಲ್ಲ. ಬಾರಿಸುತ್ತ ಹೋದರೆ ಸಾಕು, ಎದ್ದಾಗ ಆತ ಕಲ್ಲಲ್ಲ, ಭಕ್ತ. ಅತ್ತೆ ಹಗುರವಾಗಿ ಜಗಳೂರಿಗೆ ಹೋಗುವರು. ಆಗ ಆತನಿಗೆ ತನ್ನ ಎಡಗೈ ಕಂಡಿತು. ಅದು ಸ್ವರ ನಿಂತಲ್ಲಿ ನಡುಗತೊಡಗಿತ್ತು. ನಡುಗಿಸಬಾರದೆಂದು ನಿಶ್ಚಯಿಸಿದ್ದ ಕೈ, ಜನ ಅತ್ತದ್ದನ್ನು ನೋಡಿ, ಇನ್ನಷ್ಟು ಅಳಿಸಲು ತಾನೇ ಹೊರಟಿತ್ತು. ಬಂಧುಗಳೇ, ದೊಡ್ಡ ಪರೀಕ್ಷೆಗಳು ಸದ್ದು ಮಾಡಿ ಬರುವುದಿಲ್ಲ. ಹೀಗೆ, ಎಲ್ಲರೂ ಮೆಚ್ಚಿ ತಲೆಯಾಡಿಸುತ್ತಿರುವಾಗ ಬರುತ್ತವೆ.

ಆತ ಉಕ್ಕನ್ನು ಎತ್ತಿ ಪಕ್ಕಕ್ಕಿಟ್ಟನು. ಹಾಡು ಒಂದಿಷ್ಟು ದೂರ ತಾನೇ ಹೋಗಿ ನಿಂತಿತು.

“ತಪ್ಪು ತಿಳ್ಕಬೇಡ್ರಿ,” ಎಂದನು. ಮೈಕು ದೂರವಿತ್ತು, ಆದರೂ ಎಲ್ಲರಿಗೂ ಕೇಳಿಸಿತು. “ಇದು ಭಜನೆ ಪದ ಅಲ್ಲ. ರಾಕ್ ಅಂತಾರೆ ಇದಕ್ಕೆ, ಹೊರದೇಶದ್ದು. ಇದರಾಗೆ ಮಾತೇ ಇಲ್ಲ. ಸುಳ್ಳು ಹೇಳಬಾರದು ಅಂತಾನೇ ಮಾತಿಲ್ಲದ್ದನ್ನ ಬಾರಿಸಿದೆ. ಮಾತು ನೀವು ಹಾಕಿದ್ರಿ.”

ಆತ ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅದನ್ನೇ ನೋಡುತ್ತ ಮುಂದುವರಿಸಿದನು. “ಆಕೆ ಹೋದಾಗಿಂದ ನನಗೆ ಏನೂ ಅನಿಸಿಲ್ಲ. ಈ ಎರಡು ಬೆರಳು ಹೆಂಗೋ ಹಂಗೇ ಐತೆ ಒಳಗೂ. ಅಳು ಬಂದಿದ್ರೆ ಅಳ್ತಿದ್ದೆ. ಬರಲಿಲ್ಲ. ಇವತ್ತೂ ಬಂದಿಲ್ಲ. ಬಂದೈತೆ ಅಂತ ನೀವು ತಿಳ್ಕಂಡ್ರಲ್ಲ, ಅದಕ್ಕೆ ನಿಲ್ಲಿಸಿದೆ.”

ಜಂಪಣ್ಣನ ಮುಖ ಕೆಂಪಾಯಿತು. ಪರದೇಶದ ಪದಕ್ಕೆ ಪಂಚಾಕ್ಷರಿ ಹಾಡಿಸಿದನಲ್ಲ ಎಂದು ಒಬ್ಬರು ಗೊಣಗಿದರು. ಅದಕ್ಕೆ ಜಂಗಮರು, ಶಿವನ ಹೆಸರಿಗೆ ಮೈಲಿಗೆ ಹತ್ತುವುದಿಲ್ಲ, ಸುಮ್ಮನಿರಿ ಎಂದು ಅಲ್ಲಿಯೇ ತಡೆದರು. ಮಹಾಂತೇಶ ಭಾವನನ್ನು ಎಬ್ಬಿಸಿಕೊಂಡು ಒಳಗೆ ಕರೆದೊಯ್ಯಲೆಂದು ಎದ್ದನು. ಆಗ ಸಿದ್ದಲಿಂಗಮ್ಮ ಕೈಯೆತ್ತಿ ಮಗನನ್ನು ಕೂರಿಸಿದರು. ಸೆರಗು ಕೆಳಗಿಳಿದಿತ್ತು. ಕಣ್ಣು ಒಣಗಿಯೇ ಇತ್ತು.

“ಅಪ್ಪಾ, ಅವತ್ತು ನಾನು ಆಡ್ಕಂಡು ಅತ್ತಿದ್ದು ಕೇಳಿದ್ರಲ್ಲ ನೀವು,” ಎಂದರು ಅಳಿಯನಿಗೆ. “ಬೀದಿ ಮಂದಿಯೆಲ್ಲ ಕೇಳಿದ್ರು. ನನ್ನ ಒಳಗೆ ಏನೂ ಇರಲಿಲ್ಲ. ನಮ್ಮ ಕಡೆ ಹೆಣ್ಮಕ್ಕಳಿಗೆ ಸಣ್ಣೋರಿದ್ದಾಗಲೇ ಅಳೋದು ಕಲಿಸಿರ್ತಾರೆ, ಬಾಯಿಗೆ ಬರ್ತಿತ್ತು, ಆಡಿದೆ. ಈಗಲೂ ಎಲ್ಲರೂ ಸೆರಗು ಹಿಡಿದ್ರು, ನಾನೂ ಹಿಡಿದೆ.” ಮತ್ತೆ ಹೇಳಿದರು: “ನಿಮಗೆ ಯಾರೂ ಕಲಿಸಿರಲಿಲ್ಲ, ಅಷ್ಟೇ. ನಾನು ಅದನ್ನ ಕಲ್ಲು ಅಂದೆ.”

ನಾಗರಾಜಪ್ಪ, ಇರಲಿ ಬಿಡಿ ಅತ್ತೆ ಎಂದನು.

“ಅರ್ಧಕ್ಕೆ ನಿಲ್ಲಿಸಬಾರದು. ಬಾರಿಸ್ರಿ,” ಎಂದರು ಆ ತಾಯಿ. “ಯಾರೂ ಮಾತು ಹಾಕಬೇಡ್ರಿ. ಅದು ಹೆಂಗೈತೋ ಹಂಗೆ ಕೇಳಾನ.”

ಜಂಪಣ್ಣ ತಾಳಗಳನ್ನು ಮಡಿಲಲ್ಲಿಟ್ಟು ಅದರ ಮೇಲೆ ಕೈ ಮುಚ್ಚಿಕೊಂಡರು. ಅವು ತಾವಾಗಿ ನುಡಿದುಬಿಟ್ಟಾವು ಎಂಬ ಹೆದರಿಕೆ ಅವರಿಗೆ. ನಾಗರಾಜಪ್ಪ ಮೊದಲಿನಿಂದ ಬಾರಿಸಿದನು, ಕೊನೆಯವರೆಗೆ ಬಾರಿಸಿದನು. ಕೈ ನಡುಗಲಿಲ್ಲ. ಶಾಮಿಯಾನದ ಕೆಳಗೆ ಯಾರೂ ಅಳಲಿಲ್ಲ, ಯಾರೂ ಹಾಡಲಿಲ್ಲ. ಒಲೆಯ ಕಡೆಯಿಂದ ಸೌಟಿನ ಸದ್ದು ಬರುತ್ತಿತ್ತು. ಮುಗಿದ ಮೇಲೆ ಜಂಗಮರು, ಆಯಿತು, ಪ್ರಸಾದಕ್ಕೆ ಏಳಿ ಎಂದರು. ಎಲ್ಲರೂ ಎದ್ದರು.

ಆ ಕ್ಷಣದಲ್ಲಿ ಆತನ ಕಣ್ಣು ತುಂಬಿಬಂತೇ ಎಂದು ನೀವು ಕೇಳಬಹುದು. ಇಲ್ಲ. ಇದ್ದದ್ದನ್ನು ಇದ್ದಂತೆ ಹೇಳಬೇಕು. ಅಂದೂ ಬರಲಿಲ್ಲ, ಇಂದಿನವರೆಗೂ ಬಂದಿಲ್ಲ. ಕೊಡುವವನು ಯಾವಾಗ ಕೊಡುತ್ತಾನೋ ಅದು ಅವನಿಗೆ ಬಿಟ್ಟದ್ದು.

ಸಿದ್ದಲಿಂಗಮ್ಮ ನಿಶ್ಚಯಿಸಿದಂತೆ ಮಾರನೆಯ ದಿನ ಮಗನ ಸಂಗಡ ಜಗಳೂರಿಗೆ ಹೋದರು. ಅಲ್ಲಿ ನೆರೆಯ ಹೆಂಗಸೊಬ್ಬಳು, ನಿಮ್ಮ ಅಳಿಯ ಒಂದು ಹನಿ ಕಣ್ಣೀರು ಹಾಕಲಿಲ್ಲವಂತೆ ಎಂದು ಕೆದಕಿದಾಗ ಅವರು ಹೇಳಿದ್ದು ಇಷ್ಟೇ: “ಇಲ್ಲದ್ದನ್ನ ಐತೆ ಅನ್ನೋ ಮನುಷ್ಯನಲ್ಲ ಆತ. ನನ್ನ ಮಗಳು ಅಂಥವನ ಹತ್ರ ಇದ್ದಳು.” ಆ ಮಾತನ್ನು ಮಹಾಂತೇಶನೇ ಫೋನಿನಲ್ಲಿ ಭಾವನಿಗೆ ಹೇಳಿದನು. ನಾಗರಾಜಪ್ಪ, ಹೂಂ ಎಂದನು. ಬಳಿಕ, ಮುಂದಿನ ಅಮಾವಾಸ್ಯೆಗೆ ಅಂಗಡಿ ಬಾಗಿಲು ಹಾಕಿ ಬರುತ್ತೇನೆ ಎಂದನು.

ಹಾಗೆಯೇ ಅಮಾವಾಸ್ಯೆಗೊಮ್ಮೆ ಹೋಗುತ್ತಾನೆ ಈಗ. ಹೊನ್ನಾಳಿಯ ಮೇಲೆ ದಾವಣಗೆರೆಗೆ, ಅಲ್ಲಿಂದ ಬಸ್ಸು ಬದಲಿಸಿ ಜಗಳೂರಿಗೆ. ಅತ್ತೆ ಅಂಗಳದಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿರುತ್ತಾರೆ. ಈತ ಕಟ್ಟೆಯ ಮೇಲೆ ಕುಳಿತು ಬಾರಿಸುತ್ತಾನೆ. ಕಲ್ಪನಾಳ ಹೆಸರು ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಬರುವುದಿಲ್ಲ. ಊಟ ಮಾಡಿ ಸಂಜೆಯ ಬಸ್ಸಿಗೆ ಹಿಂದಿರುಗುತ್ತಾನೆ.

ಪ್ರಿಯ ಬಂಧುಗಳೇ, ನಿಮ್ಮ ನೆಂಟರಿಷ್ಟರಲ್ಲಿಯೂ ಸಾವಿನ ಮನೆಯಲ್ಲಿ ಅಳದೆ ನಿಂತವರು ಒಬ್ಬರಿದ್ದಾರು. ಅವರನ್ನು ಕಲ್ಲೆನ್ನುವ ಮುಂಚೆ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿರಿ. ಅವರ ಮೌನದ ಮೇಲೆ ನಿಮ್ಮ ಮಾತನ್ನು ಹಾಕಬೇಡಿರಿ. ನಿಮ್ಮ ಎದೆಯೇ ಮರಗಟ್ಟಿದ್ದರೆ, ದೇವರ ಮುಂದೆ ಎರವಲು ಕಣ್ಣೀರು ತಂದು ಸುರಿಯಬೇಡಿರಿ. 'ಏನೂ ಅನಿಸುತ್ತಿಲ್ಲ ತಂದೆ' ಎಂದು ಇದ್ದದ್ದನ್ನೇ ಅವನ ಪಾದದಲ್ಲಿಟ್ಟು, ನಿಮ್ಮ ಕೈಗೆ ಬರುವ ಕೆಲಸವನ್ನು ನಾಗರಾಜಪ್ಪನಂತೆ ಕೊನೆಯವರೆಗೆ ಮಾಡಿರಿ.